ಬಿಲ್ಟಿಯ ಆ ಖಾಲಿ ಜಾಗ

ಮಳೆಗಾಲದಲ್ಲಿ ಲಾರಿ ಆಫೀಸಿಗೆ ಮಾಲು ಹಾಕುವವರು ಇದನ್ನೊಮ್ಮೆ ಓದಿ.

ತೀರ್ಥಹಳ್ಳಿಯಲ್ಲಿ ನಮ್ಮದು ಸಣ್ಣ ಮೆಣಸಿನ ವ್ಯಾಪಾರ. ಜುಲೈನಲ್ಲಿ ಬೆಂಗಳೂರಿನ ಯಶವಂತಪುರದ ಗಿರಾಕಿಯೊಬ್ಬರಿಗೆ 12 ಚೀಲ ಕಾಳುಮೆಣಸು ಕಳಿಸಿದೆ. ಚೀಲಕ್ಕೆ 50 ಕೆಜಿ, ಒಟ್ಟು ಬಾಡಿಗೆ 1,800 ರೂಪಾಯಿ. ಬೇರೆ ಕಡೆಗಿಂತ 400 ಕಡಿಮೆ ಅಂತ ಆ ಆಫೀಸಿಗೆ ಹೋಗಿದ್ದು. ಹಾಳು ಆಸೆ.

ಬಿಲ್ಟಿಯಲ್ಲಿ, ಅಂದ್ರೆ ಮಾಲು ಬುಕ್ ಮಾಡಿದಾಗ ಲಾರಿ ಆಫೀಸಿನವರು ಕೊಡುವ ರಸೀದಿಯಲ್ಲಿ, ಮಾಲಿನ ಬೆಲೆ ಬರೆಯುವ ಜಾಗ ಖಾಲಿ ಇತ್ತು. ಕೇಳಿದೆ. "ಅದೆಲ್ಲ ಯಾರೂ ಬರೆಸಲ್ಲ ಅಣ್ಣಾ, ಸೈನ್ ಹಾಕಿ ಹೋಗಿ" ಅಂದ ಹುಡುಗ. ಹಾಕಿ ಬಂದೆ.

ಪಾರ್ಟ್ ಲೋಡ್ ಅಂದ್ರೆ ಗೊತ್ತಲ್ವಾ, ಹಲವರ ಮಾಲು ಒಂದೇ ಲಾರಿಯಲ್ಲಿ. ಇಲ್ಲಿ ಹತ್ತಿಸಿದ ಲಾರಿಯೇ ಊರು ಮುಟ್ಟುತ್ತದೆ ಅಂತಿಲ್ಲ. ಶಿವಮೊಗ್ಗದಲ್ಲಿ ಇಳಿಸಿ ಬೇರೆ ಲಾರಿಗೆ ತುಂಬಿದ್ದಾರೆ. ಅದರ ಟಾರ್ಪಲ್ ಹರಿದಿತ್ತು. ಮಾಲು ಸಾಗಿಸಲು ಜಿಎಸ್‌ಟಿಯಡಿ ಆನ್‌ಲೈನಲ್ಲಿ ಮಾಡಿಸುವ ಇ-ವೇ ಬಿಲ್‌ನಲ್ಲಿ ಹಳೇ ಲಾರಿ ನಂಬರೇ ಉಳಿದಿತ್ತು ಅನ್ನುವುದೂ ಆಮೇಲೆ ಗೊತ್ತಾಯಿತು. 50,000 ರೂಪಾಯಿ ದಾಟಿದ ಮಾಲಿಗೆ ಆ ಬಿಲ್ ಬೇಕೇ ಬೇಕು, ಗಾಡಿ ಬದಲಾದರೆ ನಂಬರೂ ಬದಲಾಗಬೇಕು. ದಾರಿಯಲ್ಲಿ ಯಾರೂ ತಡೆಯಲಿಲ್ಲ, ನನ್ನ ಪುಣ್ಯ.

ಐದು ಚೀಲ ತಳದವರೆಗೂ ನೆಂದಿದ್ದವು. ಗಿರಾಕಿಯ ಅಂಗಡಿ ಹುಡುಗ ಮುಟ್ಟಿಯೂ ನೋಡದೆ, ಮಾಲು ಸರಿಯಾಗಿ ಬಂದಿದೆ ಅಂತ ಸಹಿ ಮಾಡಿಕೊಟ್ಟಿದ್ದ. ಎರಡು ದಿನ ಬಿಟ್ಟು ಚೀಲ ಬಿಚ್ಚಿದರೆ ಬೂಸ್ಟು, ಮುಗ್ಗಲು ವಾಸನೆ. ಒಂದೂವರೆ ಲಕ್ಷದ ಮಾಲು!

ಲಾರಿ ಆಫೀಸಿನವರು 18,000ಕ್ಕಿಂತ ಒಂದು ಪೈಸೆ ಜಾಸ್ತಿ ಕೊಡಲ್ಲ ಅಂದರು. ಸಿಟ್ಟಲ್ಲಿ ವಕೀಲರ ಹತ್ತಿರ ಹೋದೆ. ಅವರು ಹೇಳಿದ್ದು ಕೇಳಿ ಕೂತಲ್ಲೇ ಕೂತೆ. 2007ರ ರಸ್ತೆ ಸಾಗಣೆ ಕಾಯ್ದೆಯ ನಿಯಮದಲ್ಲಿ ಲಾರಿಯವರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿನವರೆಗೆ ಅಷ್ಟೇ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಮೊದಲೇ ಬೆಲೆ ಬರೆಸಿ, ಜಾಸ್ತಿ ಬಾಡಿಗೆ ಕಟ್ಟಿರಬೇಕಿತ್ತು. ನಾನು ಉಳಿಸಿದ 400 ರೂಪಾಯಿ ನೆನಪಾಯಿತು. ಲಾರಿಗೆ ಇನ್ಶೂರೆನ್ಸ್ ಇದೆಯಲ್ಲಾ ಅಂದೆ. ಅದು ಗಾಡಿಗೆ, ಮಾಲಿಗೆ ಬೇರೆ ಮಾಡಿಸಬೇಕಂತೆ.

ಕೋರ್ಟಿಗೆ ಹೋಗುವುದಾದರೆ ಬುಕಿಂಗ್ ಆದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಬಾಯಲ್ಲಿ ಜಗಳ ಆಡಿದ್ದು ಲೆಕ್ಕಕ್ಕಿಲ್ಲ. ನಾನು ಕೊಟ್ಟಿದ್ದೇನೆ, ಉತ್ತರ ಇನ್ನೂ ಇಲ್ಲ.

ಆ ಐದು ಚೀಲ ವಾಪಸ್ ತರಿಸಿದ ಬಾಡಿಗೆಯೂ ನನ್ನದೇ. ಈ ಸಲ ಮಾತ್ರ ಬಿಲ್ಟಿಯಲ್ಲಿ ಬೆಲೆ ಬರೆಸಿದೆ, ಬೂಸ್ಟು ಹಿಡಿದ ಮೆಣಸಿಗೆ.