ಎರಡನೆಯ ಪುಟಕ್ಕೆ ಮುನಿಯುವ ಸ್ಕ್ಯಾನರ್: ಆರು ವರ್ಷದ ಒಡನಾಟ

ಮೊದಲ ಪುಟಕ್ಕೆ ಇದು ಎಂದೂ ಕೈಕೊಟ್ಟಿಲ್ಲ. ಮುನಿಸೇನಿದ್ದರೂ ಎರಡನೆಯದಕ್ಕೆ.

ಮುಚ್ಚುತ್ತಿದ್ದ ಜೆರಾಕ್ಸ್ ಅಂಗಡಿಯೊಂದರಿಂದ 600 ರೂಪಾಯಿಗೆ ತಂದ ಯುಎಸ್‌ಬಿ ಸ್ಕ್ಯಾನರ್ ಇದು. ವಿಂಡೋಸ್ 10ಕ್ಕೆ ಡ್ರೈವರ್ ಸಿಗಲಿಲ್ಲ. ಲಿನಕ್ಸ್ ಮಾತ್ರ ಕೇಬಲ್ ಚುಚ್ಚಿದೊಡನೆ ಗುರುತು ಹಿಡಿಯಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ನಾಲ್ಕು ವರ್ಷ ತಕರಾರಿಲ್ಲದೆ ನಡೆಯಿತು. ಹೊಸದು ಬಂದ ದಿನವೇ ಗ್ರಹಚಾರ ಶುರು. ಅಪ್ಪನ ಅಡಿಕೆ ಲೆಕ್ಕದ ಪುಸ್ತಕದ ಒಂದು ಪುಟ ಬಂತೆಂದು ಹಿಗ್ಗಿ ಹಾಳೆ ತಿರುಗಿಸಿದರೆ, ಸ್ಕ್ಯಾನರೇ ಇಲ್ಲವೆಂಬ ಉತ್ತರ. ಕೇಬಲ್ ಕಿತ್ತು ಚುಚ್ಚಿದರೆ ಇನ್ನೊಂದು ಪುಟ. ನಲವತ್ತು ಪುಟಕ್ಕೆ ನಲವತ್ತು ಸಲ ಕಿತ್ತು ಚುಚ್ಚಿ ಸಾಕೆಟ್ಟೂ ಸಡಿಲವಾಯಿತು.

ಕೇಬಲ್ ಬದಲಿಸಿದೆ. ಅನುಮತಿಯ ತೊಡಕಿರಬಹುದೆಂದು ಪೂರ್ಣಾಧಿಕಾರದಲ್ಲಿ ಆಜ್ಞೆ ನಡೆಸುವ ಸುಡೋ ಹಾಕಿದೆ; ಆ ಪೂರ್ಣಾಧಿಕಾರದ ಬಳಕೆದಾರ ರೂಟ್‌ಗೂ ಅದೇ ಮುಖ ತೋರಿಸಿತು. ಬಳಸದ ಯುಎಸ್‌ಬಿ ಸಾಧನವನ್ನು ತಾನಾಗಿ ಮಲಗಿಸುವ ಆಟೋಸಸ್ಪೆಂಡ್ ನಿಲ್ಲಿಸಿದ್ದೂ ದಂಡ. ವಿಚಿತ್ರವೆಂದರೆ, ಚುಚ್ಚಿದ ಯುಎಸ್‌ಬಿ ಸಾಧನಗಳನ್ನು ತೋರಿಸುವ ಎಲ್‌ಎಸ್‌ಯುಎಸ್‌ಬಿ ಪಟ್ಟಿಯಲ್ಲಿ ಅದು ಕಾಣುತ್ತಲೇ ಇತ್ತು, ಸ್ಕ್ಯಾನ್ ಮಾಡುವ ಆಜ್ಞೆ ಸ್ಕ್ಯಾನ್‌ಇಮೇಜ್‌ಗೆ ಮಾತ್ರ ಸಿಗುತ್ತಿರಲಿಲ್ಲ. ಮನೆಯಲ್ಲೇ ಇದ್ದು ಕರೆದರೆ ಓಗೊಡದವರಂತೆ! ಮದ್ದು ಕೊನೆಗೆ ಸಿಕ್ಕಿದ್ದು ಲಿನಕ್ಸ್‌ನಲ್ಲಿ ಸ್ಕ್ಯಾನರ್ ನಡೆಸುವ ಸೇನ್ ತಂತ್ರಾಂಶದ ಕೈಪಿಡಿಯಲ್ಲೇ. ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿದಾಗ ಕೆಲಸ ಮಾಡದ ಸ್ಕ್ಯಾನರ್‌ಗಳಿಗೆಂದೇ ‘ಸೇನ್ ಯುಎಸ್‌ಬಿ ವರ್ಕ್‌ಅರೌಂಡ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ತಂತ್ರಾಂಶ ಓದಿಕೊಳ್ಳುವ ಒಂದು ಹೊಂದಿಕೆ, ಇದೆ. ಹೊಸ ಲ್ಯಾಪ್‌ಟಾಪಿನಲ್ಲಿ ಇರುವುದೆಲ್ಲ ಆ ಪೋರ್ಟುಗಳೇ. ಆ ವೇರಿಯಬಲ್‌ಗೆ 1 ಎಂದು ಕೊಟ್ಟೆ. ಎರಡನೆಯ ಪುಟ ಬಂತು. ಮೂರನೆಯದೂ ಬಂತು.

ಅಂದಿನಿಂದ ಇದರ ಮೇಲಿನ ಸಿಟ್ಟು ಇಳಿದಿದೆ. ರಾತ್ರಿ ಊಟವಾದ ಮೇಲೆ ಹಳೆಯ ಪಂಚೆಯ ತುಂಡಿನಿಂದ ಗಾಜು ಒರೆಸುತ್ತೇನೆ. ಪುಟದ ಹಿಂದೆ ಕಪ್ಪು ಹಾಳೆ ಇಡುತ್ತೇನೆ, ಇಲ್ಲದಿದ್ದರೆ ಆಚೆ ಬದಿಯ ಶಾಯಿ ಈಚೆಗೆ ಮೂಡುತ್ತದೆ. 300 ಡಿಪಿಐ (ಇಂಚಿಗೆ 300 ಚುಕ್ಕೆ), ಗ್ರೇ. ಕಿರ್ರೆಂದು ದೀಪ ಹೊರಟಾಗ ಅಪ್ಪನ ಒತ್ತಕ್ಷರಗಳು ಪರದೆಯ ಮೇಲೆ ಒಂದೊಂದೇ ಸಾಲಾಗಿ ಇಳಿಯುತ್ತವೆ. ಚಿತ್ರದಲ್ಲಿನ ಅಕ್ಷರವನ್ನು ಪಠ್ಯವಾಗಿಸುವ ತಂತ್ರಾಂಶ ಟೆಸೆರಾಕ್ಟ್ ಅಚ್ಚಾದ ಕನ್ನಡವನ್ನು ಓದುತ್ತದೆ, ಈ ಕೈಬರಹದ ಮುಂದೆ ಮಾತ್ರ ತಬ್ಬಿಬ್ಬು.

ಮದ್ದಿಲ್ಲದ ದೋಷ ಒಂದಿದೆ. ಇಂಥ ತೆಳು ಸ್ಕ್ಯಾನರಿನ ಸಿಐಎಸ್ ಸೆನ್ಸರ್‌ಗೆ (ಗಾಜಿಗೆ ತೀರ ಹತ್ತಿರದಿಂದ ಓದುವ ಬಗೆಯದು) ಗಾಜಿನಿಂದ ತುಸು ಮೇಲೆದ್ದ ಕಾಗದವೂ ಮಸುಕು. ಅಪ್ಪ ಬಾಕಿ ಬರೆಯುತ್ತಿದ್ದುದು ಸರಿಯಾಗಿ ಹೊಲಿಗೆಯ ಪಕ್ಕದಲ್ಲೇ. ಹೊಲಿಗೆ ಬಿಚ್ಚಲು ಮನಸ್ಸಿಲ್ಲ. ಅಂಗೈಯಿಂದ ಒತ್ತಿ ಹಿಡಿಯುತ್ತೇನೆ. ಬಿಡಿ ಹಾಳೆಗಳಿದ್ದವರು ಇಂಥದ್ದನ್ನು ಧೈರ್ಯವಾಗಿ ಕೊಳ್ಳಬಹುದು, ಆದರೆ 600ಕ್ಕಿಂತ ಹೆಚ್ಚು ಕೊಡಬೇಡಿ. ಹನ್ನೊಂದು ಪುಸ್ತಕಗಳಲ್ಲಿ ಒಂಬತ್ತು ಮುಗಿದಿವೆ, ಬಾಕಿಯ ಕಾಲಂ ಬಿಟ್ಟು.