ಪೊರೆ ಆಪರೇಷನ್‌ಗೆ ಮುಂಚಿನ ತಪಾಸಣೆ: ನಾಲ್ಕು ಸ್ಟಾರ್

ಅಪ್ಪನ ಬಲಗಣ್ಣಿನ ಪೊರೆಗೆ ಶಿವಮೊಗ್ಗದ ಈ ಕಣ್ಣಾಸ್ಪತ್ರೆಗೆ ಹೋಗಿದ್ದೆವು. ಸ್ಟಾರ್ ಕೊಡ್ತಿರೋದು ತಪಾಸಣೆಗೆ.

ಡಾಕ್ಟರ್ ಮೊದಲು ಕೇಳಿದ್ದೇ, "ಯಜಮಾನ್ರೇ, ಮೂತ್ರದ ತೊಂದರೆಗೆ ಮಾತ್ರೆ ತಗೋತೀರಾ?" ಅಂತ. ಅಪ್ಪ ನನ್ನ ಮುಖ ನೋಡಿದರು. ಕಣ್ಣಿಗೂ ಅದಕ್ಕೂ ಏನು ಸಂಬಂಧ, ಅಲ್ವಾ? ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ತಗೊಳ್ಳುವವರಿಗೆ ಆಪರೇಷನ್ ವೇಳೆ ಕಣ್ಣಿನ ಪಾಪೆ ಸರಿಯಾಗಿ ಅಗಲವಾಗದೆ ಇರಬಹುದು. ಮೊದಲೇ ಗೊತ್ತಿದ್ದರೆ ಸರ್ಜನ್ ತಯಾರಾಗಿರುತ್ತಾರೆ.

ಆಮೇಲೆ ಕಣ್ಣಿನ ಉದ್ದ ಅಳೆದರು. ಇದರಲ್ಲಿ 1 ಮಿ.ಮೀ. ಹೆಚ್ಚುಕಮ್ಮಿಯಾದರೂ ಪೊರೆಯ ಜಾಗದಲ್ಲಿ ಕೂರಿಸುವ ಕೃತಕ ಲೆನ್ಸ್‌ನ ಪವರ್ ಸುಮಾರು 2.5 ಡಯಾಪ್ಟರ್ (ಕನ್ನಡಕದ ನಂಬರ್ ಅಳೆಯುವ ಮಾನ) ತಪ್ಪುತ್ತದೆ. ಅಪ್ಪ ಕಣ್ಣು ಮಿಟುಕಿಸಿದಾಗಲೆಲ್ಲ ಅಲ್ಲಿದ್ದ ಹುಡುಗಿ ಬೇಸರವಿಲ್ಲದೆ "ಇನ್ನೊಂದ್ಸಲ ತಾತ" ಅಂದಳು. ಶುಗರ್ ಇದೆ ಅಂತ ಓಸಿಟಿ ಸ್ಕ್ಯಾನ್ (ಬೆಳಕಿನಿಂದ ಮಾಡುವ ಕಣ್ಣಿನ ಸ್ಕ್ಯಾನ್) ಮಾಡಿ ರೆಟಿನಾ, ಅಂದ್ರೆ ಕಣ್ಣಿನ ಹಿಂಭಾಗದ ಪರದೆ, ಕೂಡ ನೋಡಿದರು. ಅಲ್ಲಿ ನೀರು ತುಂಬಿದ್ದರೆ ಪೊರೆ ತೆಗೆದರೂ ದೃಷ್ಟಿ ಪೂರ್ತಿ ಬರುವುದಿಲ್ಲ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಲೆನ್ಸ್ ಕೌನ್ಸೆಲರ್‌ಗೆ. ಸುಮ್ನೆ ಮಲ್ಟಿಫೋಕಲ್ (ದೂರಕ್ಕೂ ಹತ್ತಿರಕ್ಕೂ ಆಗುವ ಲೆನ್ಸ್), ಮಲ್ಟಿಫೋಕಲ್ ಅಂತ ಜಪ. ಡಾಕ್ಟರನ್ನೇ ಕೇಳಿ ಒಂದೇ ದೂರಕ್ಕೆ ಹೊಂದುವ ಮೋನೋಫೋಕಲ್ ಹಾಕಿಸಿದೆವು. ಓದೋಕೆ ಕನ್ನಡಕ ಬೇಕು, ಅದಕ್ಕೇನು, ಅಪ್ಪನಿಗೆ ಅಭ್ಯಾಸವೇ.

ಹೋಗುವಾಗ ಮಾತ್ರೆ ಚೀಟಿಗಳನ್ನೆಲ್ಲ ತಗೊಂಡು ಹೋಗಿ. ತಪಾಸಣೆಗೆ ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಂಜುಮಂಜು, ಜೊತೆಗೊಬ್ಬರು ಇರಲಿ.