ಯುರೋಪ್ ಕೋಚ್ ಟೂರ್: ನಮ್ಮ ಕಂಪನಿಯ ಬಸ್ಸೋ, ಅಲ್ಲಿನವರ ಬಸ್ಸೋ?

ಗ್ರೂಪಿನಲ್ಲಿ ಯುರೋಪ್ ನೋಡಬೇಕು ಅಂದರೆ ಮುಖ್ಯವಾಗಿ ಎರಡು ದಾರಿ ಇದೆ. ಒಂದು ನಮ್ಮ ದೇಶದ ಕಂಪನಿಯ ಟೂರ್. ವಿಮಾನದ ಟಿಕೆಟ್‌ನಿಂದ ರಾತ್ರಿಯ ದಾಲ್-ಚಪಾತಿವರೆಗೆ ಎಲ್ಲ ಅವರದೇ. ಇನ್ನೊಂದು ಲಂಡನ್ನಿಂದಲೋ ಪ್ಯಾರಿಸ್ಸಿನಿಂದಲೋ ಹೊರಡುವ ಅಲ್ಲಿನ ಕಂಪನಿಯ ಟೂರ್. ಅದರಲ್ಲಿ ಆಸ್ಟ್ರೇಲಿಯಾ, ಅಮೆರಿಕದವರ ಜೊತೆ ನಾವೂ ಒಂದು ಸೀಟು. ಮೊದಲನೆಯದಕ್ಕೆ ಅಪ್ಪ-ಅಮ್ಮನ ಜೊತೆ ಹೋಗಿದ್ದೆ, ಎರಡನೆಯದಕ್ಕೆ ಹೆಂಡತಿಯ ಜೊತೆ. ದಾರಿ ಹೆಚ್ಚುಕಡಿಮೆ ಒಂದೇ: ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿ. ನೋಡಿದ ಊರುಗಳು ಅವೇ ಆದರೂ ಆ ಊರುಗಳಲ್ಲಿ ಸಿಕ್ಕ ಹೊತ್ತು ಬೇರೆ ಬೇರೆ. ಟೂರ್ ಆರಿಸುವಾಗ ನೋಡಬೇಕಾದದ್ದು ಇದನ್ನೇ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪ್ಯಾರಿಸ್ಸನ್ನೇ ತೆಗೆದುಕೊಳ್ಳಿ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತಿರ ಹತ್ತಿರ 10 ಗಂಟೆ. ಐಫೆಲ್ ಟವರಿನ ದೀಪಗಳು ಮಿನುಗುವುದು ಕತ್ತಲಾದ ಮೇಲೆ, ಗಂಟೆಗೊಮ್ಮೆ 5 ನಿಮಿಷ. ನಮ್ಮ ಕಂಪನಿಯ ಟೂರಿನಲ್ಲಿ ಮಧ್ಯಾಹ್ನವೇ ಟವರ್ ಹತ್ತಿಸಿದರು, ಎರಡನೇ ಅಂತಸ್ತಿನ ಟಿಕೆಟ್ ಪ್ಯಾಕೇಜಿನಲ್ಲೇ ಸೇರಿತ್ತು. ಸಂಜೆ 7ಕ್ಕೆ ಇಂಡಿಯನ್ ರೆಸ್ಟೋರೆಂಟಿನಲ್ಲಿ ಊಟ. ಅಲ್ಲಿಂದ ಸೀದಾ ಊರಾಚೆಯ ಹೋಟೆಲ್. ರೂಮಿಗೆ ಹೋದಾಗ ಹೊರಗೆ ಇನ್ನೂ ಬಿಸಿಲಿತ್ತು. ಮಿನುಗುವ ಟವರ್ ನೋಡಬೇಕು ಅಂತ ಅಮ್ಮ ಬೆಂಗಳೂರಿನಿಂದಲೇ ಹೇಳುತ್ತಾ ಬಂದಿದ್ದರು. ಅದು ಆಗಲೇ ಇಲ್ಲ. ಎರಡನೆಯ ಟೂರಿನಲ್ಲಿ ಟವರ್ ಹತ್ತುವುದು ಪ್ಯಾಕೇಜಿನಲ್ಲಿರಲಿಲ್ಲ, ಆದರೆ ರಾತ್ರಿ ಸೇನ್ ನದಿಯ ದೋಣಿ ವಿಹಾರಕ್ಕೆ ಬೇರೆ ದುಡ್ಡು ಕೊಟ್ಟು ಹೋದೆವು. ದೋಣಿ ತಿರುವು ದಾಟಿದಾಗ ಇಡೀ ಟವರ್ ಮೇಲಿಂದ ಕೆಳಗಿನವರೆಗೆ ಮಿನುಗಲು ಶುರುವಾಯಿತು.

ಹೀಗೆ ಬೇಗ ಹೋಟೆಲಿಗೆ ಸೇರಿಸುವುದಕ್ಕೆ ಕಾರಣ ಇದೆ. ಯುರೋಪಿನಲ್ಲಿ ಬಸ್ ಡ್ರೈವರ್ ದಿನಕ್ಕೆ ಸಾಮಾನ್ಯವಾಗಿ 9 ಗಂಟೆಗಿಂತ ಜಾಸ್ತಿ ಓಡಿಸುವಂತಿಲ್ಲ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ಬಿಡುವು ಕಡ್ಡಾಯ. ರಾತ್ರಿ 11 ಗಂಟೆ ವಿಶ್ರಾಂತಿ ಕೊಡಬೇಕು, ವಾರದಲ್ಲಿ ಕೆಲವು ದಿನ ಮಾತ್ರ ಅದನ್ನು 9ಕ್ಕೆ ಇಳಿಸಬಹುದು. ಬಸ್ಸಿನಲ್ಲಿರುವ ಟ್ಯಾಕೋಗ್ರಾಫ್ ಎಲ್ಲವನ್ನೂ ದಾಖಲಿಸುತ್ತದೆ, ಪೊಲೀಸರು ತಡೆದು ಪರೀಕ್ಷಿಸುತ್ತಾರೆ. ಅಂದರೆ ಬೆಳಗ್ಗೆ 7ಕ್ಕೆ ಬಸ್ ಹೊರಡಬೇಕಾದರೆ ಹಿಂದಿನ ರಾತ್ರಿ 8ಕ್ಕೇ ಡ್ರೈವರ್ ಬಿಡುಗಡೆ ಆಗಿರಬೇಕು. ದೇಶಗಳ ಪಟ್ಟಿ ಉದ್ದವಾದಷ್ಟೂ ಬೆಳಗಿನ ಹೊರಡುವಿಕೆ ಬೇಗ, ಸಂಜೆ ಖಾಲಿ. ನಮ್ಮ ಕಂಪನಿಗಳ ಟೂರುಗಳಲ್ಲಿ ಈ ಪಟ್ಟಿ ಬಹಳ ಉದ್ದ ಇರುತ್ತದೆ. ಒಂದು ಕಡೆ ಯಾರೋ ಅರ್ಧ ಗಂಟೆ ತಡ ಮಾಡಿದರೆ ಆ ಅರ್ಧ ಗಂಟೆ ದಿನದ ಕೊನೆಯ ಊರಿನಿಂದ ಕಡಿತ. ನಮಗೆ ಸ್ವಿಟ್ಜರ್ಲೆಂಡಿನ ಲೂಸರ್ನ್ ಊರು ಹಾಗೇ ಕೈತಪ್ಪಿತು. ಸಿಂಹದ ಸ್ಮಾರಕದ ಮುಂದೆ ಇಳಿದು ಫೋಟೋ ತೆಗೆದು ಮತ್ತೆ ಬಸ್ ಹತ್ತಿದೆವು, ಮರದ ಸೇತುವೆ ಕಿಟಕಿಯಿಂದಲೇ.

ಆದರೆ ಬೆಟ್ಟದ ವಿಷಯಕ್ಕೆ ಬಂದರೆ ನಮ್ಮ ಕಂಪನಿಗೇ ನನ್ನ ಪೂರ್ತಿ ಅಂಕ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಖ್ 3,454 ಮೀಟರ್ ಎತ್ತರದ ಜಾಗ. 1912ರಿಂದ ಅಲ್ಲಿಗೆ ರೈಲು ಇದೆ, ಸುರಂಗದೊಳಗೇ ಏರುತ್ತದೆ. ಟಿಕೆಟ್ ದುಬಾರಿ, ಅದು ನಮ್ಮ ಪ್ಯಾಕೇಜಿನಲ್ಲೇ ಇತ್ತು. ಮೇಲೆ ಇಳಿದ ಕೂಡಲೇ ಟೂರ್ ಮ್ಯಾನೇಜರ್ ಎಲ್ಲರನ್ನೂ ನಿಲ್ಲಿಸಿ, ಓಡಬೇಡಿ, ಮೆಟ್ಟಿಲು ನಿಧಾನ ಹತ್ತಿ, ನೀರು ಕುಡಿಯುತ್ತಾ ಇರಿ ಅಂತ ಹೇಳಿದರು. ಅಪ್ಪನಿಗೆ ತಲೆ ಸುತ್ತಿದಾಗ ಬೆಂಚಿನ ಮೇಲೆ ಕೂರಿಸಿ, ಮುಖಕ್ಕೆ ಬಣ್ಣ ಮರಳುವವರೆಗೂ ಪಕ್ಕದಲ್ಲೇ ಕೂತಿದ್ದರು. ಅಷ್ಟು ಹೊತ್ತಾದ ಮೇಲೆ ಅಪ್ಪ ಎದ್ದು ಹೋಗಿ ಆಲೆಟ್ಶ್ ಹಿಮನದಿ ನೋಡಿದರು. ಅಲ್ಲಿನ ಕಂಪನಿಯ ಟೂರಿನಲ್ಲಿ ಇಂಥ ನಿಗಾ ಇಲ್ಲ. ಸಮಯ ಹೇಳುತ್ತಾರೆ, ನಕ್ಷೆ ಕೊಡುತ್ತಾರೆ, ನಿಮ್ಮ ಪಾಡು ನಿಮಗೆ.

ಇಟಲಿಯಲ್ಲಿ ಮಾತ್ರ ಲೆಕ್ಕ ತಿರುಗಿತು. ಅಲ್ಲಿನ ಕಂಪನಿ ರೋಮ್, ಫ್ಲಾರೆನ್ಸ್ ಎರಡರಲ್ಲೂ ಲೈಸೆನ್ಸ್ ಇರುವ ಸ್ಥಳೀಯ ಗೈಡ್ ಕೊಟ್ಟಿತ್ತು, ಎಲ್ಲರ ಕಿವಿಗೂ ಇಯರ್‌ಫೋನ್. ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ ಒಳಗೆ ಗೈಡ್‌ಗಳು ವಿವರಣೆ ಕೊಡುವಂತಿಲ್ಲ. ಹಾಗಾಗಿ ನಮ್ಮ ಗೈಡ್ ಹೊರಗಿನ ಅಂಗಳದಲ್ಲಿ, ಚಿತ್ರ ಹಾಕಿದ ಫಲಕದ ಮುಂದೆ ನಿಂತು ಒಂದೊಂದೇ ಭಾಗ ತೋರಿಸಿದರು. ಮೈಕೆಲ್ಯಾಂಜೆಲೊ ಛಾವಣಿಯ ಚಿತ್ರಗಳನ್ನು 1508ರಿಂದ 1512ರವರೆಗೆ ಬಿಡಿಸಿದ್ದು, ಗೋಡೆಯ ಅಂತಿಮ ತೀರ್ಪಿನ ಚಿತ್ರಕ್ಕೆ ಮತ್ತೆ ಬಂದದ್ದು 20ಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಇಷ್ಟು ಕೇಳಿಕೊಂಡು ಒಳಗೆ ಹೋದರೆ ಕಣ್ಣು ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುತ್ತದೆ. ಅಪ್ಪ-ಅಮ್ಮನ ಜೊತೆ ಬಂದಾಗ ಸೇಂಟ್ ಪೀಟರ್ಸ್ ಚೌಕದಲ್ಲಿ ನಿಂತು ವಾಪಸಾಗಿದ್ದೆವು.

ಊಟದ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ. ನಮ್ಮ ಕಂಪನಿಯಲ್ಲಿ ಚಿಂತೆಯೇ ಇಲ್ಲ, ಜೈನ ಊಟವೂ ಸಿಗುತ್ತದೆ. ರುಚಿ ಸುಮಾರು, ಎಲ್ಲ ಊರಲ್ಲೂ ಅದೇ ಪನೀರ್. ಇನ್ನೊಂದರಲ್ಲಿ ಬೆಳಗಿನ ತಿಂಡಿ ಮಾತ್ರ ಖಾತ್ರಿ. ಇಟಲಿಯಲ್ಲಿ ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬ ಸಿಗುತ್ತದೆ, ಆದರೆ ಕಟ್ಟುನಿಟ್ಟಿನವರಿಗೆ ಒಂದು ತಿಳಿದಿರಲಿ: ಪಾಸ್ತಾ ಮೇಲೆ ಉದುರಿಸುವ ಪಾರ್ಮೆಸಾನ್ ಚೀಸಿಗೆ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರುತ್ತಾರೆ. ಬೇಡ ಅಂತ ಮೊದಲೇ ಹೇಳಿ.

ದುಡ್ಡು? ಜಾಹೀರಾತಿನ ಬೆಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಅಲ್ಲಿನ ಕಂಪನಿಯ ಬೆಲೆಗೆ ವಿಮಾನ, ವೀಸಾ, ರಾತ್ರಿ ಊಟಗಳು, ಐಚ್ಛಿಕ ಪ್ರವಾಸಗಳ ಪಟ್ಟಿ ಎಲ್ಲ ಕೂಡಿಸಿ. ನಮಗೆ ಕೊನೆಗೆ ಅದೇ ಜಾಸ್ತಿ ಆಯಿತು.

ಇವೆರಡೂ ಬೇಡ, ರೈಲು ಸಾಕು ಅನ್ನುವವರಿಗೆ ಸ್ವಿಟ್ಜರ್ಲೆಂಡಿನಲ್ಲಿ ಖಂಡಿತ ಅದೇ ಒಳ್ಳೆಯದು. ಸ್ವಿಸ್ ಟ್ರಾವೆಲ್ ಪಾಸಿನಲ್ಲಿ ರೈಲು, ಬಸ್ಸು, ಸರೋವರದ ದೋಣಿ ಎಲ್ಲ ಬರುತ್ತದೆ. ಮುಂದೆ ವೆನಿಸ್‌ಗೆ ಹೋದರೆ ಸೇತುವೆಗಳ ಮೆಟ್ಟಿಲ ಮೇಲೆ ಸೂಟ್‌ಕೇಸ್ ನೀವೇ ಹೊರಬೇಕು.

ವಯಸ್ಸಾದವರ ಜೊತೆ, ಮೊದಲ ಸಲ ಹೋಗುವುದಾದರೆ ಕಣ್ಣುಮುಚ್ಚಿ ನಮ್ಮ ದೇಶದ ಕಂಪನಿ ಆರಿಸಿ. ಆದರೆ ದೇಶಗಳು ಕಡಿಮೆ ಇರುವ, ಒಂದೇ ಹೋಟೆಲಿನಲ್ಲಿ ಎರಡು ಮೂರು ರಾತ್ರಿ ಉಳಿಸುವ ಟೂರ್ ಹುಡುಕಿ. ಪ್ಯಾರಿಸ್ಸಿನ ಹೋಟೆಲ್ ಮೆಟ್ರೋ ಸ್ಟೇಷನ್ನಿಗೆ ಎಷ್ಟು ದೂರ ಅಂತ ಬುಕ್ ಮಾಡುವ ಮೊದಲೇ ಕೇಳಿ. ಹತ್ತಿರ ಇದ್ದರೆ ಡ್ರೈವರ್ ಮಲಗಿದ ಮೇಲೂ ನೀವು ಐಫೆಲ್ ಟವರಿಗೆ ಹೋಗಿ ಬರಬಹುದು. ಗಂಡ-ಹೆಂಡತಿ, ಗೆಳೆಯರು, ಚಿತ್ರ-ಚರಿತ್ರೆಯಲ್ಲಿ ಆಸಕ್ತಿ ಇರುವವರು ಅಂದರೆ ಅಲ್ಲಿನ ಕಂಪನಿಯದೇ ಸರಿ. ಅವರ ಟೂರಿಗೆ ವೀಸಾ ಅರ್ಜಿ ನೀವೇ ಹಾಕಬೇಕಾಗಬಹುದು. ಎಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹೋಗಬೇಕು. ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದಲೇ ಅರ್ಜಿ ತೆಗೆದುಕೊಳ್ಳುತ್ತಾರೆ. ಬೇಸಿಗೆಗೆ ಹೋಗುವವರು ಚಳಿಗಾಲದಲ್ಲೇ ಶುರು ಮಾಡಿ.